ಎಡ ಹೆಬ್ಬೆರಳು, ಬಲ ಹೆಬ್ಬೆರಳು

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನು ಮಾಡಿ, "ಮೇಡಂ, ಬೀರುವಲ್ಲಿ ಡಬ್ಬಗಟ್ಟಲೆ ಪ್ಲಾಸ್ಟಿಕ್ ತೋಳುಗಳಿದಾವೆ, ಯಾವುದಕ್ಕೂ ಕೂರಲ್ಲ. ಎಸೆದ್ಬಿಡ್ಲಾ?" ಎಂದು ಕೇಳಿದಳು. ಎಸೆಯಬೇಡ ಎಂದೆ. ಯಾಕೆಂದು ಹೇಳಲು ಹೊರಟು ಬಹಳ ಹೊತ್ತು ಮಾತಾಡಿದೆ. ಹೇಳಬೇಕಾದದ್ದು ಬಿಟ್ಟು ಬೇರೆಯದನ್ನೆಲ್ಲ ಹೇಳಿದೆ ಅನ್ನಿಸಿತು. ಅದಕ್ಕೇ ಈ ಬರಹ. ಅವಳಿಗೆ, ಮತ್ತು ಅವಳ ಹಾಗೆ ಪಾಲಿಟೆಕ್ನಿಕ್ಕುಗಳಲ್ಲಿ ಮಾದರಿ ವಿಮಾನದ ಕ್ಲಬ್ಬನ್ನು ತಲೆಗೆ ಕಟ್ಟಿಸಿಕೊಳ್ಳುವವರಿಗೆ.

ನನ್ನನ್ನು ನೇಮಿಸಿಕೊಂಡದ್ದು ಚಾಮರಾಜನಗರದ ಒಂದು ಖಾಸಗಿ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ. ವಿಮಾನ ಆಮೇಲೆ ಬಂತು. ರಿಮೋಟಿನಿಂದ ಹಾರಿಸುವ ಚಿಕ್ಕ ವಿಮಾನಗಳನ್ನು ವಿದ್ಯಾರ್ಥಿಗಳ ಕೈಯಲ್ಲಿ ಮಾಡಿಸುವುದು, ಹಾರಿಸುವುದನ್ನು ಕಲಿಸುವುದು. ಕೆಲಸಕ್ಕೆ ಇಬ್ಬರಿದ್ದೆವು. ವೈರು, ಬ್ಯಾಟರಿ, ರಿಮೋಟು ನನ್ನದು. ಮರ, ಇಂಜಿನ್ನು, ರೆಕ್ಕೆ ರಾಚಪ್ಪನವರದು. ರಾಚಪ್ಪನವರು ವರ್ಕ್‌ಶಾಪಿನ ಬೋಧಕರು, ಬೇಗೂರಿನವರು, ನನಗಿಂತ ಸ್ವಲ್ಪ ಹಿರಿಯರು. ನಾನು ಗುಂಡ್ಲುಪೇಟೆಯವಳು. ಬೆಳಿಗ್ಗೆ ಅವರು ಬೇಗೂರಿನಿಂದ ಬಂದು ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಇಳಿದರೆ, ಅಲ್ಲಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಒಂದೇ ಬಸ್ಸು ಇಬ್ಬರಿಗೂ.

ಆ ಪ್ಲಾಸ್ಟಿಕ್ ತೋಳುಗಳ ವಿಷಯ. ವಿಮಾನದ ಬಾಲವನ್ನು ಮೇಲೆ ಕೆಳಗೆ ಆಡಿಸಲು ಒಳಗೊಂದು ಬೆಂಕಿಪೊಟ್ಟಣದಷ್ಟು ಮೋಟಾರು ಇರುತ್ತದೆ, ಸರ್ವೋ ಎನ್ನುತ್ತೇವೆ. ಅದರ ತಲೆಯ ಮೇಲೆ ಹಲ್ಲಿರುವ ಒಂದು ಗೂಟ, ಗೂಟಕ್ಕೆ ಕೂರಿಸುವ ತೋಳು, ತೋಳಿಗೆ ಕಟ್ಟಿದ ತಂತಿ. ಒಂದು ಕಂಪನಿಯ ಗೂಟಕ್ಕೆ ಇಪ್ಪತ್ಮೂರು ಹಲ್ಲು, ಇನ್ನೊಂದರದಕ್ಕೆ ಇಪ್ಪತ್ನಾಲ್ಕು, ಮತ್ತೊಂದರದಕ್ಕೆ ಇಪ್ಪತ್ತೈದು. ಕಣ್ಣಿಗೆ ಎಲ್ಲವೂ ಒಂದೇ. ಅದರ ತೋಳನ್ನು ಇದಕ್ಕೆ ಒತ್ತಿದರೆ ಕೂರುತ್ತದೆ ಕೂಡ. ಕೂರುವುದೇ ತೊಂದರೆ. ನೆಲದ ಮೇಲೆ ಸರಿಯಾಗಿ ಆಡುತ್ತದೆ, ಮೇಲೆ ಹೋಗಿ ಗಾಳಿಯ ಒತ್ತಡ ಬಿದ್ದಾಗ ಜಾರುತ್ತದೆ.

ಒಂದು ಭಾನುವಾರ ಗುಂಡ್ಲುಪೇಟೆಯಲ್ಲಿ ಹಾರಿಸುತ್ತಿದ್ದಾಗ ಹಾಗೆ ಜಾರಿದ ಒಂದು ವಿಮಾನ ಹೆದ್ದಾರಿ ಪಕ್ಕದ ಸೂರ್ಯಕಾಂತಿ ಹೊಲಕ್ಕೆ ಬಿತ್ತು. ಹೂ ಬಿಟ್ಟ ಕಾಲ. ಕೇರಳದ ಕಡೆಯ ಕಾರುಗಳು ಸಾಲಾಗಿ ನಿಂತಿದ್ದವು, ಜನ ಹೂಗಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಓಡಿಹೋದಾಗ ಒಬ್ಬ ಹೆಂಗಸು ನಮ್ಮ ವಿಮಾನವನ್ನು ಮಗುವಿನಂತೆ ಎತ್ತಿಕೊಂಡು ಫೋಟೋಕ್ಕೆ ನಿಂತಿದ್ದಳು. "ಚೇಚ್ಚೀ, ಇದ್ ಡ್ರೋಣ್ ಆಣೋ?" ಎಂದಳು, ಅಕ್ಕಾ ಇದು ಡ್ರೋನೇ ಎಂದು. ಅಲ್ಲ ಎನ್ನುವುದಕ್ಕೆ ಮುಂಚೆ ಹೊಲದವನು ಬಂದ. "ನನ್ನೊಲ್ದಾಗೆ ನಿಂತ್ಕಳಕ್ಕೆ ಅವ್ರು ದುಡ್ ಕೊಡ್ತರೆ, ನೀವು ವಿಮಾನ ಇಳ್ಸುದ್ರಲ್ಲ, ನಿಮ್ಗೇನ್ ಆಕ್ಲಿ?" ಎಂದ. ಹಿಂದಿನಿಂದ ಏದುಸಿರು ಬಿಡುತ್ತ ಬಂದ ರಾಚಪ್ಪನವರು, "ಅದ್ಕೂ ಫೋಟೋ ತಗೀರಿ ಅಂತ ಅದೇ ಇಳ್ಕಂತು ಕಣಪ್ಪ, ನಾವ್ ಇಳ್ಸಿಲ್ಲ" ಎಂದರು. ಹೊಲದವನು ನಕ್ಕುಬಿಟ್ಟ. ನಕ್ಕ ಎಂದೇ ನೆನಪು. ಬೈದೂ ಇರಬಹುದು. ವರ್ಷಗಳು ಕಳೆದಂತೆ ನನ್ನ ನೆನಪಿನಲ್ಲಿ ಎಲ್ಲರೂ ನಗಲು ಶುರುಮಾಡಿದ್ದಾರೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ.

ಇನ್ನು ಪ್ಲಗ್ಗು. ರಿಮೋಟಿನ ಸಂಕೇತವನ್ನು ವಿಮಾನದೊಳಗೆ ಕೂತು ಹಿಡಿಯುವ ಹಳೆಯ ರಿಸೀವರುಗಳಲ್ಲಿ ಕೆಲವಕ್ಕೆ ಪ್ಲಸ್ ನಡುವಿನ ಪಿನ್ನು, ಕೆಲವಕ್ಕೆ ಪಕ್ಕದ್ದು. ತಪ್ಪಿ ಚುಚ್ಚಿದರೆ ಒಂದು ವಾಸನೆ ಬರುತ್ತದೆ. ಆ ವಾಸನೆ ಬಂದ ಮೇಲೆ ಮಾಡುವುದೇನೂ ಉಳಿದಿರುವುದಿಲ್ಲ. ಎರಡು ರಿಸೀವರು ಸುಟ್ಟ ಮೇಲೆ ರಾಚಪ್ಪನವರು ಪ್ರತಿ ಪ್ಲಗ್ಗಿನ ಪ್ಲಸ್ಸಿಗೂ ಕೆಂಪು ಉಗುರುಬಣ್ಣ ಹಚ್ಚುವ ಪದ್ಧತಿ ತಂದರು. ಆ ಸೀಸೆ ನನ್ನ ಬ್ಯಾಗಿನಿಂದ ಹೊರಬಂದದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ನಾನೋ ಜನ್ಮದಲ್ಲಿ ಉಗುರುಬಣ್ಣ ಹಚ್ಚಿದವಳಲ್ಲ. ಹಾಗಾದರೆ ಯಾರ ಬ್ಯಾಗು? ಗೊತ್ತಿಲ್ಲ. ಮುಂದೆ ಹೇಳುವುದನ್ನು ಓದುವಾಗ ಈ ಸೀಸೆ ನೆನಪಿರಲಿ.

ಈಗ ನಮ್ಮ ಪ್ರಾಂಶುಪಾಲರು. ಒಳ್ಳೆಯವರು, ನ್ಯಾಯವಂತರು. ನ್ಯಾಯದಿಂದಲೇ ನಮ್ಮನ್ನು ಕೊಂದರು. ಒಮ್ಮೆ ಒಂದು ದೊಡ್ಡ ವಿಮಾನಕ್ಕೆ ಬೇಡಿಕೆ ಕೊಟ್ಟೆವು. ಅವರು ಒಂದೊಂದು ಭಾಗಕ್ಕೂ ಬೇರೆ ಬೇರೆ ಕೊಟೇಶನ್ ತರಿಸಿ, ಯಾವ ಭಾಗ ಯಾರಲ್ಲಿ ಅಗ್ಗವೋ ಅಲ್ಲಿಂದ ತರಿಸಿದರು. ರೆಕ್ಕೆ ಒಂದು ಊರಿನಿಂದ, ಇಂಜಿನ್ನು ಇನ್ನೊಂದು ಊರಿನಿಂದ, ಮೂಗಿನಲ್ಲಿ ತಿರುಗುವ ಫ್ಯಾನು ಮತ್ತೊಂದು ಕಡೆಯಿಂದ. ಇಂಜಿನ್ನಿನ ತೂತುಗಳು ಇಂಚಿನ ಲೆಕ್ಕದಲ್ಲಿ, ಅದನ್ನು ಕೂರಿಸುವ ಹಲಗೆಯ ತೂತುಗಳು ಮಿಲಿಮೀಟರಿನಲ್ಲಿ. ಫ್ಯಾನಿನ ತೂತಿನೊಳಗೆ ಇಂಜಿನ್ನಿನ ಕಡ್ಡಿ ಹೋಗಲಿಲ್ಲ.

ಮೇಜಿನ ಮೇಲೆ ಎಲ್ಲವನ್ನೂ ಹರಡಿಕೊಂಡು ಕೂತಿದ್ದಾಗ ಪ್ರಾಂಶುಪಾಲರು ಬಂದರು.

"ಎಲ್ಲ ಬಂದಿದೆಯಲ್ಲ ರಾಚಪ್ಪ? ಜೋಡಿಸೋದಷ್ಟೆ ತಾನೆ?"

"ಬಂದವೆ ಸಾರ್. ಎಲ್ಲಾವ್ರೂ ಮದ್ವೆಗ್ ಬಂದವ್ರೆ, ಒಬ್ಬುರ್‌ಗೊಬ್ರು ಮಾತಾಡ್ತಿಲ್ಲ ಅಷ್ಟೆಯ."

ರಾಚಪ್ಪನವರು ಅದನ್ನು ಉಜ್ಜಿ, ಕೊರೆದು, ಬೆಣೆ ಬಡಿದು ಒಂದು ಮಾಡಿದರು. ಹಳದಿ ರೆಕ್ಕೆಯ ಆ ವಿಮಾನಕ್ಕೆ ಹಳದಿ ಎಂದೇ ಹೆಸರಾಯಿತು. ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಿದ ಇಂಧನದ ಇಂಜಿನ್ನು ಅದರದು. ಅದು ಹಾರಿದ ದಿನ ರಾಚಪ್ಪನವರ ಅಂಗಿಯೆಲ್ಲ ಹರಳೆಣ್ಣೆ. ಹಾರಿಸುವುದರಲ್ಲಿ ಅವರಂಥವರನ್ನು ನಾನು ನೋಡಿಲ್ಲ. ಇಳಿಸುವಾಗ ವಿಮಾನ ನೆಲ ಮುಟ್ಟಿದ್ದು ಕಾಣುತ್ತಿರಲಿಲ್ಲ, ನಿಂತದ್ದಷ್ಟೇ ಕಾಣುತ್ತಿತ್ತು.

ಈ ಬರಹ ಯಾವುದಕ್ಕಾಗಿಯೋ ಅದಕ್ಕೆ ಈಗ ಬರಬೇಕು.

ರಿಮೋಟಿನಲ್ಲಿ ಎರಡು ಕಡ್ಡಿಗಳಿರುತ್ತವೆ, ಎಡ ಹೆಬ್ಬೆರಳಿಗೊಂದು, ಬಲ ಹೆಬ್ಬೆರಳಿಗೊಂದು. ಇಂಜಿನ್ನಿನ ವೇಗ ಒಂದರಲ್ಲಿ, ಮೂಗನ್ನು ಏರಿಸಿ ಇಳಿಸುವುದು ಇನ್ನೊಂದರಲ್ಲಿ. ಯಾವುದು ಯಾವುದರಲ್ಲಿ ಎನ್ನುವುದನ್ನು ಜಗತ್ತು ಇನ್ನೂ ತೀರ್ಮಾನಿಸಿಲ್ಲ. ಮೊದಲನೇ ಪದ್ಧತಿಯಲ್ಲಿ ವೇಗ ಬಲಕ್ಕೆ, ಮೂಗು ಎಡಕ್ಕೆ. ಎರಡನೆಯದರಲ್ಲಿ ಅದಲುಬದಲು. ರಾಚಪ್ಪನವರು ಮೈಸೂರಿನಲ್ಲಿ ಒಬ್ಬ ನಿವೃತ್ತ ವಾಯುಪಡೆಯವರಿಂದ ಕಲಿತವರು, ಮೊದಲನೇ ಪದ್ಧತಿ. ನಾನು ಬೆಂಗಳೂರಿನ ತರಬೇತಿಯಲ್ಲಿ ಕಲಿತವಳು, ಎರಡನೆಯದು. ಹೆಬ್ಬೆರಳು ಒಮ್ಮೆ ಕಲಿತರೆ ಆಮೇಲೆ ತಲೆಯ ಮಾತು ಕೇಳುವುದಿಲ್ಲ. ರಸ್ತೆಯ ಎಡಗಡೆ ಕಾರು ಓಡಿಸಿ ಅಭ್ಯಾಸವಿರುವವನಿಗೆ ಬಲಗಡೆಯಲ್ಲಿ ಓಡಿಸು ಎಂದಂತೆಯೂ ಅಲ್ಲ ಇದು. ಬ್ರೇಕಿನ ಜಾಗಕ್ಕೆ ಸ್ಟೇರಿಂಗನ್ನು ತಂದಂತೆ.

ಒಂದು ಬೆಳಿಗ್ಗೆ ಕಾಲೇಜಿನ ಮೈದಾನದಲ್ಲಿ ರಾಚಪ್ಪನವರು ಒಂದು ಚಿಕ್ಕ ವಿಮಾನ ಹಾರಿಸುತ್ತಿದ್ದಾಗ ಅವರ ಕಣ್ಣಿಗೆ ದೂಳು ಬಿತ್ತು. "ಮೇಡಂ ಇಡ್ಕಳಿ, ಇಡ್ಕಳಿ, ಕಾಣ್ತಿಲ್ಲ!" ಎಂದು ರಿಮೋಟನ್ನು ನನ್ನ ಕೈಗೆ ತುರುಕಿದರು. ವಿಮಾನ ಮೂಗು ಕೆಳಗೆ ಮಾಡಿ ಬರುತ್ತಿತ್ತು. ಮೂಗೆತ್ತಲು ಬಲಗಡ್ಡಿಯನ್ನು ಎಳೆದೆ. ಅವರ ರಿಮೋಟಿನಲ್ಲಿ ಬಲಗಡ್ಡಿ ಎಂದರೆ ಇಂಜಿನ್ನು. ಇಂಜಿನ್ನು ಉಸಿರು ಕಟ್ಟಿ ನಿಂತಿತು, ವಿಮಾನ ಹಾಗೇ ವಿದ್ಯಾರ್ಥಿಗಳು ನಿಂತಿದ್ದ ಕಡೆಗೆ ಬಂದು ಅವರ ಮುಂದಿನ ನೆಲಕ್ಕೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಒಬ್ಬ ಹುಡುಗಿಯ ಚಪ್ಪಲಿಯ ಮೇಲೆ ರೆಕ್ಕೆಯ ಚೂರು ಬಿದ್ದಿತ್ತು. ಅವಳು ಅದನ್ನು ನೋಡಿ, ಆಮೇಲೆ ಅತ್ತಳು.

ಪ್ರಾಂಶುಪಾಲರು ಇಬ್ಬರನ್ನೂ ಕರೆಸಿದರು. ಇನ್ನು ಮುಂದೆ ಕ್ಲಬ್ಬಿನಲ್ಲಿ ಎಲ್ಲವೂ ಒಂದೇ ಬಗೆ, ಒಂದೇ ಕಂಪನಿಯ ಪೆಟ್ಟಿಗೆ, ಒಂದೇ ಪದ್ಧತಿ ಎಂದರು. ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತಿದ್ದದ್ದು ಎರಡನೆಯದು. ಸುರಕ್ಷತೆಯ ಮಾತು, ಎದುರಾಡುವಂತಿರಲಿಲ್ಲ. ನಾವು ವರ್ಷಗಟ್ಟಲೆ ಬೇಡಿದ್ದೂ ಅದನ್ನೇ ಅಲ್ಲವೆ, ಎಲ್ಲವೂ ಒಂದೇ ಇರಲಿ ಎಂದು? ರಾಚಪ್ಪನವರು ಅಲ್ಲಿ ಹೇಳಿದ್ದು: "ಮಕ್ಳು ಕಲೀಬೇಕಲ್ವ ಸಾರ್. ಒಂದೇ ಇರ್ಲಿ. ನಾನು ಆರ್ಸದ ಬುಟ್ಬುಡ್ತೀನಿ, ಮಾಡ್ಕೊಡದು ಇದ್ದೇ ಅದೆ."

ಹೀಗೆ ಹೇಳಿದರು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಇನ್ನೊಂದು ನೆನಪೂ ಇದೆ. ಅದರಲ್ಲಿ ಅವರು ಏನನ್ನೂ ಹೇಳುವುದಿಲ್ಲ. ಕಿಟಕಿಯ ಕಡೆ ನೋಡುತ್ತ ಅಂಗಿಯ ತೋಳಿಗೆ ಹತ್ತಿದ ಎಣ್ಣೆಯನ್ನು ಉಜ್ಜುತ್ತಾರೆ, ಪ್ರಾಂಶುಪಾಲರು "ಆಯ್ತಲ್ಲ" ಎನ್ನುತ್ತಾರೆ, ನಾನು "ಆಯ್ತು ಸಾರ್" ಎನ್ನುತ್ತೇನೆ. ಎರಡರಲ್ಲಿ ಯಾವುದು ನಡೆದದ್ದು, ಯಾವುದು ಉಗುರುಬಣ್ಣದ ಸೀಸೆ, ನನಗೆ ಗೊತ್ತಿಲ್ಲ.

ಆಮೇಲೆ ಅವರು ಹಾರಿಸಲಿಲ್ಲ. ವಿಮಾನ ಮಾಡಿ, ಇಂಜಿನ್ನು ಹದಗೊಳಿಸಿ, ವಿದ್ಯಾರ್ಥಿಗಳ ಬೆನ್ನ ಹಿಂದೆ ಕೈ ಕಟ್ಟಿ ನಿಲ್ಲುತ್ತಿದ್ದರು. ನಾನು ಇಳಿಸುವಾಗ ವಿಮಾನ ಕುಪ್ಪಳಿಸಿದರೆ ಅವರ ಗಂಟಲಿನಿಂದ ಒಂದು ಸಣ್ಣ ಸದ್ದು ಬರುತ್ತಿತ್ತು, ಅಷ್ಟೆ. ಬಸ್ಸಿನಲ್ಲಿ ಮಡಿಲ ಮೇಲೆ ಚೀಲವಿಟ್ಟುಕೊಂಡು, ಚೀಲದೊಳಗೆ ಎರಡೂ ಕೈ ಬಿಟ್ಟುಕೊಂಡು ಕೂರುವುದು ರೂಢಿಯಾಯಿತು. ಬಟ್ಟೆಯ ಕೆಳಗೆ ಹೆಬ್ಬೆರಳುಗಳು ಆಡುತ್ತಿದ್ದವು. ಜಪ ಮಾಡುತ್ತಾರೆ ಎಂದುಕೊಂಡೆ. ವಯಸ್ಸಾಗುತ್ತಿದೆ, ಮಾದೇಶ್ವರನ ಒಕ್ಕಲು, ಮಾಡಲಿ ಎಂದುಕೊಂಡು ಮಾತಾಡಿಸದೆ ಕಿಟಕಿಯಾಚೆ ನೋಡುತ್ತಿದ್ದೆ.

ಕಾಲ ಬದಲಾಯಿತು. ಮರ ಹೋಗಿ ಥರ್ಮೋಕೋಲಿನಂಥ ಫೋಮು ಬಂತು, ಇಂಧನ ಹೋಗಿ ಬ್ಯಾಟರಿ ಬಂತು. ಬ್ಯಾಟರಿಗಳ ಪ್ಲಗ್ಗುಗಳು ಮತ್ತೆ ನಾಲ್ಕು ನಮೂನೆ. ಒಂದು ಕಂಪನಿಯ ರಿಮೋಟು ಇನ್ನೊಂದರ ರಿಸೀವರನ್ನು ಗುರುತಿಸುವುದಿಲ್ಲ. ಈಗಿನ ರಿಮೋಟುಗಳ ಪರದೆಯಲ್ಲಿ ಪದ್ಧತಿ ಬದಲಿಸುವ ಸಾಲೊಂದಿದೆ, ಬೆರಳಲ್ಲಿ ಒತ್ತಿದರೆ ಆಯಿತು. ಅದನ್ನು ಮೊದಲ ಸಲ ನೋಡಿದ ದಿನ ನನಗೆ ಊಟ ರುಚಿಸಲಿಲ್ಲ.

ಇಬ್ಬರೂ ನಿವೃತ್ತರಾದೆವು. ಆಮೇಲೊಂದು ದಿನ ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ರಾಚಪ್ಪನವರು ಎದುರಿಗೇ ಬಂದು, ನನ್ನ ಗುರುತು ಸಿಗದೆ ಮುಂದೆ ಹೋದರು. ಕೂಗಿದೆ.

"ಓ ಮೇಡಮ್ಮೋರೆ! ಸಕ್ರೆ ಕಣ್ಗ್ ಇಳ್ದದೆ ಕಣ್ರೀ. ಮೈಸೂರ್ ಡಾಕ್ಟ್ರು ಇನ್ನೊಂದು ಆಪ್ರೇಸನ್ ಅಂದವ್ರೆ. ಆದ್ಮೇಲೆ ದೂರದ್ದು ಎಷ್ಟು ಕಂಡತು ಅಂತ ಅವ್ರೂ ಯೋಳಲ್ಲ."

"ಈಗ ಎಷ್ಟು ಕಾಣುತ್ತೆ?"

"ಬಿಸ್ಲಿದ್ರೆ ಅದ್ದು ಕಾಣ್ತದೆ. ಕಾಗೆ ಕಾಣಲ್ಲ."

ಹದ್ದು ಕಾಣುವುದಾದರೆ ಹಳದಿ ಕಾಣುತ್ತದೆ. ಹಳದಿ ವಿಮಾನ ಕಾಲೇಜಿನಿಂದ ವಿಲೇವಾರಿಯಾಗಿ ಅವರ ಅಟ್ಟದ ಮೇಲಿತ್ತು. ಕಣ್ಣು ಹೋಗುವ ಮೊದಲು ಅವರು ಒಂದು ಸಲ ಹಾರಿಸಬೇಕು ಎನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನನ್ನ ಬಳಿ ಹಳೆಯ ಎರಡನೇ ಪದ್ಧತಿಯ ರಿಮೋಟೊಂದಿತ್ತು. ಪರದೆಯ ಸಾಲು ಇಲ್ಲದ ಕಾಲದ್ದು. ಬೆನ್ನು ಬಿಚ್ಚಿ, ಒಂದು ಕಡ್ಡಿಯ ಸ್ಪ್ರಿಂಗನ್ನು ತೆಗೆದು ಇನ್ನೊಂದಕ್ಕೆ ಹಾಕಿ, ವೈರು ಅದಲುಬದಲು ಮಾಡಿದರೆ ಮೊದಲನೇ ಪದ್ಧತಿಯಾಗುತ್ತದೆ. ಅದರ ಸ್ಕ್ರೂಗಳಿಗೆ ನನ್ನಲ್ಲಿದ್ದ ಯಾವ ಕೀಲಿಯೂ ಹೊಂದಲಿಲ್ಲ. ಕೊನೆಗೆ ಮೈಸೂರಿನಿಂದ ಒಂದು ಆರುಮೂಲೆಯ ಕೀಲಿ ತರಿಸಿದೆ. ಸರ್ವೋ ತೋಳುಗಳಿಗಾಗಿ ಕಾಲೇಜಿಗೆ ಹೋಗಿ ಬೀರುವಿನ ಆ ಡಬ್ಬಗಳಲ್ಲಿ ಹುಡುಕಿದೆ. ಎಲ್ಲ ಮುಗಿದ ಮೇಲೆ ರಾಚಪ್ಪನವರಿಗೆ ಫೋನು ಮಾಡಿ, ಹಳದಿಯನ್ನು ಇಳಿಸಿ ಇಂಜಿನ್ನು ತಿರುಗುತ್ತದೆಯೇ ನೋಡಿ ಎಂದೆ. ಯಾಕೆಂದು ಹೇಳಲಿಲ್ಲ. ಅವರೂ ಯಾಕೆಂದು ಕೇಳಲಿಲ್ಲ. "ಆಯ್ತು, ಬನ್ನಿ" ಎಂದರು. ಆ ದನಿಯಲ್ಲಿ ಏನೋ ಇತ್ತು ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದೆಲ್ಲ ಆಗ ಇದ್ದಿರಲೇಬೇಕೆಂದೇನೂ ಇಲ್ಲ.

ಬೇಗೂರಿನ ಹೊರಗೆ, ಹುರುಳಿ ಕಿತ್ತು ಖಾಲಿಯಾದ ಹೊಲ. ಹೊಲದ ಯಜಮಾನ ಸಿದ್ದರಾಜು ರಾಚಪ್ಪನವರ ಬಾಲ್ಯದ ಗೆಳೆಯ. ಹೊಲ ಕೊಟ್ಟವನು ಅವನೇ, ವಿಮಾನದ ಬಾಲ ಹಿಡಿಯುವವನೂ ಅವನೇ.

"ಏನ್ಲಾ ರಾಚ, ಬಂಡೀಪುರದ್ ಕಡೀಕ್ ಬುಟ್ಟೀಯ, ಆನೆ ಬಂದು ನನ್ನ ಕೇಳ್ತದೆ."

"ನಿನ್ ಮೊಖ ನೋಡುದ್ರೆ ವಾಪಸ್ ಓಯ್ತದೆ ಇಡ್ಕಳ್ಳಲಾ."

ಬಿಸಿಲು ಚೆನ್ನಾಗಿತ್ತು, ಗಾಳಿ ಇನ್ನೂ ಎದ್ದಿರಲಿಲ್ಲ. ಇಂಜಿನ್ನು ಹತ್ತಿಕೊಂಡಿತು. ನಾನು ರಿಮೋಟನ್ನು ರಾಚಪ್ಪನವರ ಕೈಗಿಟ್ಟೆ. ಅವರು ಅದನ್ನು ತೂಗಿ ನೋಡಿ, ಗುರುತು ಹಿಡಿದು, "ಇದು ನಿಮ್ ಅಳೇದಲ್ವ" ಎಂದು ಮುಖ ಅರಳಿಸಿದರು. ಎಡ ಹೆಬ್ಬೆರಳನ್ನು ಮುಂದೆ ತಳ್ಳಿದರು. ಇಂಜಿನ್ನಿನ ಸದ್ದು ಏರಲಿಲ್ಲ, ಬಾಲ ಅಲ್ಲಾಡಿತು. ಮತ್ತೆ ತಳ್ಳಿದರು. ಬಾಲ ಅಲ್ಲಾಡಿತು.

"ಇದ್ಯಾಕೆ ಇಂಗೆ?"

"ನಿಮ್ಮ ಪದ್ಧತಿಗೆ ಬದಲಾಯಿಸಿದೀನಿ ರಾಚಪ್ಪನವರೆ. ಮೊದಲನೆಯದು. ನೀವು ಕಲಿತದ್ದು."

ಅವರು ರಿಮೋಟನ್ನೇ ನೋಡುತ್ತ ನಿಂತರು.

"ಅಯ್ಯೋ ಮೇಡಮ್ಮೋರೆ. ನಾನು ನಿಮ್ದುಕ್ಕೆ ಬದ್ಲಾಯಿಸ್ಕಂಬುಟ್ಟೆ ಕಣ್ರೀ."

ಬಸ್ಸಿನ ಚೀಲದೊಳಗೆ ಇದ್ದದ್ದು ಕೆಟ್ಟುಹೋದ ಒಂದು ರಿಮೋಟು. ಎರಡನೇ ಪದ್ಧತಿಯದು. ನಿವೃತ್ತಿಯವರೆಗೂ ಬಸ್ಸಿನಲ್ಲಿ, ಆಮೇಲೆ ಮನೆಯ ಜಗಲಿಯಲ್ಲಿ, ಹೆಬ್ಬೆರಳುಗಳಿಗೆ ಕಲಿತದ್ದನ್ನು ಮರೆಸಿ ಹೊಸದನ್ನು ಕಲಿಸಿದ್ದರು. ಕಲಿತ ಮೇಲೆ, ರಿಮೋಟು ಒಂದು ಸಲ ಕೊಡಿ ಎಂದು ನನ್ನನ್ನು ಕೇಳಬೇಕೆಂದಿದ್ದರಂತೆ. "ನೀವ್ ಪಕ್ಕದಲ್ಲೇ ಕೂತಿದ್ರಿ. ನಾಳೆ ಕೇಳನ, ನಾಳೆ ಕೇಳನ ಅಂತ" ಎಂದರು. ಹಳೆಯದು ಈಗ ಬರುವುದಿಲ್ಲವೇ ಎಂದೆ. ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿ ನೋಡಿದರು. "ಎರಡೂ ಬತ್ತವೆ. ಒಂದ್ರೊಳಕ್ಕೆ ಇನ್ನೊಂದು ಬತ್ತದೆ. ಬುಟ್ರೆ ಬಿದ್ದೋಯ್ತದೆ" ಎಂದು ರಿಮೋಟನ್ನು ನನಗೆ ಚಾಚಿದರು. "ನೀವೇ ಆರ್ಸಿ. ನಾನ್ ನೋಡ್ತೀನಿ."

ನನಗೆ ಮೊದಲನೇ ಪದ್ಧತಿ ಬರುವುದಿಲ್ಲ. ಬರದಿದ್ದರೆ ಏನಾಗುತ್ತದೆ ಎನ್ನುವುದನ್ನು ನಾವಿಬ್ಬರೂ ಒಮ್ಮೆ ನೋಡಿದ್ದೆವು. ಬೆನ್ನು ಬಿಚ್ಚಿ ಮತ್ತೆ ಬದಲಿಸೋಣವೆಂದರೆ ಆ ಕೀಲಿ ಗುಂಡ್ಲುಪೇಟೆಯ ಮನೆಯಲ್ಲಿತ್ತು.

ಸಿದ್ದರಾಜು ಬಾಲ ಹಿಡಿದು ಬಗ್ಗಿಯೇ ಇದ್ದ. "ಏನಾಯ್ತು? ನನ್ ಸೊಂಟ ಓಯ್ತಾ ಅದೆ." ಹೇಳಿದೆವು. ಅವನು ಯೋಚಿಸಿ, "ಅದ್ನ ತಲೆಕೆಳಗ್ ಮಾಡಿ ಇಡ್ಕಂಡ್ರೆ ಎಡದ್ದು ಬಲ ಆಗಲ್ವ?" ಎಂದ.

"ಆಯ್ತದೆ ಕಣ್ಲಾ. ಆಗ ಮೇಲಕ್ ಅಂದ್ರೆ ಕೆಳಕ್ ಓಯ್ತದೆ."

"ಇಬ್ರೂ ಓದ್ಕಂಡೋರು. ಒಂದು ಗುಬ್ಬಚ್ಚಿ ಆರ್ಸಕ್ ಆಗಲಿಲ್ವಲ್ಲ ನಿಮ್ಗೆ" ಎಂದ ಸಿದ್ದರಾಜು. ಮೂವರೂ ನಕ್ಕೆವು. ಇದು ಮಾತ್ರ ನಿಜವಾಗಿ ನಡೆದದ್ದು, ನಕ್ಕು ನಕ್ಕು ರಾಚಪ್ಪನವರು ಕಣ್ಣು ಒರೆಸಿಕೊಂಡರು. ಡಾಕ್ಟರು ಕಣ್ಣು ಉಜ್ಜಬಾರದು ಎಂದಿದ್ದರು.

ಮುಂದಿನ ವಾರ ಕೀಲಿ ತರುತ್ತೇನೆ ಎಂದೆ. ಮುಂದಿನ ವಾರ ಆಗಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಕೊನೆಗೆ ಇಟ್ಟರೆ ಕತೆಯಾಗುತ್ತದೆ. ಮಳೆ ಹಿಡಿಯಿತು, ಹೊಲಕ್ಕೆ ಟ್ರ್ಯಾಕ್ಟರು ಇಳಿಯಿತು, ಆಪರೇಷನ್ನಿನ ದಿನ ಮುಂಚೆಯೇ ಬಂತು. ಈಗ ಅವರಿಗೆ ತಟ್ಟೆಯಲ್ಲಿರುವುದು ಕಾಣುತ್ತದೆ, ಎದುರಿಗಿರುವವರ ಆಕಾರ ಕಾಣುತ್ತದೆ. ಹದ್ದು ಕಾಣುವುದಿಲ್ಲ. ನೀನು ಕ್ಲಬ್ಬಿಗೆ ಬಂದವಳು ತಿಳಿದುಕೊಳ್ಳಬೇಕಾದದ್ದು ಇಷ್ಟೇ: ರಿಮೋಟನ್ನು ಇನ್ನೊಬ್ಬರ ಕೈಗೆ ಕೊಡುವ ಮೊದಲು ಯಾವ ಹೆಬ್ಬೆರಳು ಎಂದು ಕೇಳು. ಅವರು ಯಾವ ಪದ್ಧತಿಯವರು ಎಂದು ನಿನಗೆ ಚೆನ್ನಾಗಿ ಗೊತ್ತಿದ್ದರೂ ಕೇಳು.

ಆ ಬೆಳಿಗ್ಗೆ ಇಂಜಿನ್ನು ಇನ್ನೂ ಓಡುತ್ತಿತ್ತು. ಆರಿಸಲು ನಾನು ಕೈಯಿಟ್ಟಾಗ ರಾಚಪ್ಪನವರು, "ಬ್ಯಾಡಿ, ಸ್ವಲ್ಪ ಇರಿ. ಪೂರ್ತಿ ಕೊಡಿ ಒಂದ್ಸಲ" ಎಂದರು. ಪೂರ್ತಿ ಎಂದು ಎಡಗಡ್ಡಿಯನ್ನು ತಳ್ಳಿದೆ, ಬಾಲ ಅಲ್ಲಾಡಿತು. ಬಲಗಡ್ಡಿಯನ್ನು ತಳ್ಳಿದೆ. ಇಂಜಿನ್ನು ಗೊರಗೊರ ಎಂದು ಕೂಗಿತು. ಅವರು ತಲೆ ಓರೆ ಮಾಡಿ ಕೇಳಿದರು.

"ಎಣ್ಣೆ ಜಾಸ್ತಿ ಕುಡೀತಾ ಅದೆ. ಸೂಜಿ ಬಿಗೀಬೇಕು."

ಇಂಧನ ಎಷ್ಟು ಹೋಗಬೇಕೆಂದು ತಿದ್ದುವ ಸೂಜಿ ಎಂಬ ಒಂದು ಪುಟ್ಟ ತಿರುಪು ಇಂಜಿನ್ನಿನ ಮಗ್ಗುಲಲ್ಲಿರುತ್ತದೆ. ನಾನು ಕೈಯಾಡಿಸಿದ ಇಂಜಿನ್ನುಗಳಲ್ಲೆಲ್ಲ, ಯಾವ ದೇಶದ್ದೇ ಇರಲಿ, ಅದೊಂದು ಮಾತ್ರ ಒಂದೇ ದಿಕ್ಕಿಗೆ ಬಿಗಿಯುತ್ತಿತ್ತು. ರಾಚಪ್ಪನವರು ವಿಮಾನದ ಹಿಂದುಗಡೆಯಿಂದ ಹೋಗಿ ಮಂಡಿಯೂರಿ, ತಿರುಗುವ ಫ್ಯಾನಿಗೆ ದೂರವಾಗಿ, ನೋಡದೆಯೇ ಕೈ ಚಾಚಿ ಅದನ್ನು ಹಿಡಿದರು. ಒಂದು ಹಲ್ಲು, ಇನ್ನೊಂದು ಹಲ್ಲು. ಗೊರಗೊರ ಹೋಯಿತು. ಸದ್ದು ತೆಳ್ಳಗಾಗುತ್ತ, ಏರುತ್ತ, ಒಂದೇ ಎಳೆಯಾಗಿ ನಿಂತಿತು. ಹರಳೆಣ್ಣೆಯ ಹೊಗೆ ಅವರ ಅಂಗಿಯ ಮೇಲೆ ಕೂರುತ್ತಿತ್ತು.

ಸಿದ್ದರಾಜು ಬಾಲವನ್ನು ಬಿಗಿಯಾಗಿ ಹಿಡಿದೇ ಇದ್ದ. ಟ್ಯಾಂಕು ಬರಿದಾಗಿ ತಾನಾಗಿ ನಿಲ್ಲುವವರೆಗೂ ನಾವು ಯಾರೂ ಅದನ್ನು ಆರಿಸಲಿಲ್ಲ.